ಷಿಯಾಂಗ್‌ಯಾಂಗಿನ ಪತನ: ಯಂತ್ರವೋ, ದಿಗ್ಬಂಧನವೋ?

ಸುಂಗ್ ವಂಶವಳಿದು ಮಂಗೋಲರ ಯುವಾನ್ ವಂಶವು ಚೀನದಲ್ಲಿ ನೆಲೆಗೊಂಡ ಸಂಧಿಕಾಲದ ಯುದ್ಧಗಳಲ್ಲಿ ಷಿಯಾಂಗ್‌ಯಾಂಗಿನ ಮುತ್ತಿಗೆಯು (ಕ್ರಿ.ಶ. 1268-1273) ನಿರ್ಣಾಯಕವಾದುದು. ಪಶ್ಚಿಮದೇಶದ ಕವಣೆಯಂತ್ರಗಳಿಂದಲೇ ಈ ಕೋಟೆ ಬಿದ್ದಿತೆಂಬ ಅಭಿಪ್ರಾಯವು ಬಹುಕಾಲದಿಂದ ಪ್ರಚಾರದಲ್ಲಿದೆ. ಮಾರ್ಕೋ ಪೋಲೋವಿನ ಪ್ರವಾಸಕಥನವಂತೂ ಆ ಯಂತ್ರಗಳ ಕೀರ್ತಿಯನ್ನು ಪೋಲೋ ಮನೆತನಕ್ಕೇ ಸಲ್ಲಿಸುತ್ತದೆ. ಆದರೆ ಮಾರ್ಕೋ ತನ್ನ ಹಿರಿಯರೊಡನೆ ಕುಬ್ಲಾಯ್ ಖಾನನ ಆಸ್ಥಾನವನ್ನು ಸೇರಿದುದು ಸುಮಾರು 1275ರಲ್ಲಿ. ಕೋಟೆ ಶರಣಾದುದು 1273ರಲ್ಲಿ. ಯಂತ್ರಗಳನ್ನು ನಿರ್ಮಿಸಿದವರು ಪರ್ಷಿಯದ ಮಂಗೋಲ್ ರಾಜ್ಯದಿಂದ ಬಂದ ಇಸ್ಮಾಯಿಲ್ ಮತ್ತು ಅಲಾ ಉದ್ದೀನ್ ಎಂಬ ಶಿಲ್ಪಿಗಳೆಂದು ಯುವಾನ್ ವಂಶದ ಇತಿಹಾಸವು ದಾಖಲಿಸಿದೆ.

ಕರ್ತೃಗಳು ಯಾರೇ ಆಗಿರಲಿ, ಪತನದ ಮೂಲಕಾರಣವನ್ನು ಬೇರೆಡೆ ಅರಸಬೇಕು. ಹಾನ್ ನದಿಯ ದಕ್ಷಿಣ ದಡದಲ್ಲಿ ಷಿಯಾಂಗ್‌ಯಾಂಗ್, ಉತ್ತರ ದಡದಲ್ಲಿ ಫಾನ್‌ಚೆಂಗ್, ನಡುವೆ ತೇಲುಸೇತುವೆ. ಈ ನದಿಯು ಯಾಂಗ್‌ಟ್ಸಿಯನ್ನು ಕೂಡುವುದರಿಂದ, ಇಲ್ಲಿ ದಾರಿ ತೆರೆದರೆ ದಕ್ಷಿಣವೆಲ್ಲ ಕೈವಶವಾಗುವಂತಿತ್ತು. ಸುಂಗರನ್ನು ತೊರೆದು ಬಂದಿದ್ದ ಸೇನಾನಿ ಲಿಯು ಝೆಂಗ್ ಈ ಮರ್ಮವನ್ನು ಕುಬ್ಲಾಯನಿಗೆ ತಿಳಿಸಿದನು. ಸೇನಾಪತಿ ಅಜುವಿನೊಡನೆ ಸೇರಿ ಅವನು ಸುತ್ತಲೂ ಠಾಣ್ಯಗಳನ್ನು ಕಟ್ಟಿಸಿ, ನೌಕಾದಳವನ್ನು ಸಿದ್ಧಪಡಿಸಿ ಜಲಮಾರ್ಗವನ್ನೂ ಮುಚ್ಚಿದನು. ಕುದುರೆಸವಾರರೆಂದು ಹೆಸರಾದ ಮಂಗೋಲರು ಇಲ್ಲಿ ಗೆದ್ದುದು ನದಿಯ ಮೇಲಿನ ಹಿಡಿತದಿಂದ.

ಕೋಟೆಯೊಳಗೆ ಧಾನ್ಯವಿದ್ದಿತು, ಬಟ್ಟೆಯೂ ಸೌದೆಯೂ ತೀರಿದ್ದವು. ದುರ್ಗಾಧಿಪತಿ ಲೂ ವೆನ್‌ಹುವಾನನು ಮನೆಗಳನ್ನು ಕೆಡವಿಸಿ ಉರುವಲು ಮಾಡಿದನೆಂದೂ ಕಾಗದದ ನಾಣ್ಯಗಳನ್ನು ಹೊಲಿಸಿ ಉಡುಪಾಗಿಸಿದನೆಂದೂ ಚೀನೀ ಇತಿಹಾಸಗ್ರಂಥಗಳು ಹೇಳುತ್ತವೆ. ಕೋಟೆಯನ್ನು ಸುತ್ತಿ ನೋಡುವಾಗಲೆಲ್ಲ ಅವನು ದಕ್ಷಿಣಕ್ಕೆ ತಿರುಗಿ ಅಳುತ್ತಿದ್ದನಂತೆ. ರಾಜಧಾನಿ ಇದ್ದುದು ಆ ದಿಕ್ಕಿನಲ್ಲಿ. ಅಲ್ಲಿ ಪ್ರಧಾನಿ ಜಿಯಾ ಸಿದಾವೋ ಅಧಿಕಾರದಲ್ಲಿದ್ದನು. ನೆರವಿಗೆ ನಿಯುಕ್ತರಾದ ಲಿ ತಿಂಗ್‌ಝೀ ಮತ್ತು ಫಾನ್ ವೆನ್‌ಹು ಎಂಬ ಸೇನಾನಿಗಳಲ್ಲಿ ಒಮ್ಮತವಿರಲಿಲ್ಲ. 1272ರಲ್ಲಿ ಜಾಂಗ್ ಷುನ್, ಜಾಂಗ್ ಗುಯಿ ಎಂಬ ವೀರರು ಸುಮಾರು 3,000 ಜನರೊಡನೆ ದೋಣಿಗಳಲ್ಲಿ ಮುತ್ತಿಗೆಯನ್ನು ಭೇದಿಸಿ ಸಾಮಗ್ರಿ ತಲುಪಿಸಿದರು. ಇಬ್ಬರೂ ಪ್ರಾಣ ತೆತ್ತರು. ಆ ದಾರಿ ಮತ್ತೆ ತೆರೆಯಲಿಲ್ಲ.

ಯಂತ್ರಗಳು ಕೆಲಸಕ್ಕೆ ತೊಡಗಿದುದು ಇಷ್ಟೆಲ್ಲ ನಡೆದ ಮೇಲೆ. 1273ರ ಆರಂಭದಲ್ಲಿ ಸೇತುವೆ ಕಡಿದುಹೋಗಿ ಒಂಟಿಯಾದ ಫಾನ್‌ಚೆಂಗ್ ನೆಲಕಚ್ಚಿತು. ಅಲ್ಲಿ ಕೊಲೆ ನಡೆಯಿತು. ಷಿಯಾಂಗ್‌ಯಾಂಗಿನತ್ತ ಯಂತ್ರಗಳು ತಿರುಗಿದಾಗ ಲೂ ವೆನ್‌ಹುವಾನನು ಶರಣಾದನು. ಮುಂದೆ ಅವನೇ ಮಂಗೋಲರಿಗೆ ಮಾರ್ಗದರ್ಶಕನಾದನು. 1276ರಲ್ಲಿ ರಾಜಧಾನಿಯೂ 1279ರಲ್ಲಿ ಸುಂಗರ ಕೊನೆಯ ನೌಕಾಬಲವೂ ಅಳಿದವು.

ಅವನು ರಾಜದ್ರೋಹಿಯೆಂಬ ನಿಂದೆ ನಿರಾಧಾರವಾದುದಲ್ಲ. ಆದರೆ ಐದು ವರ್ಷ ಕೋಟೆಯನ್ನು ಕಾದವನೂ ಅವನೇ. ಶರಣಾಗತಿಯ ಹೊಣೆಯನ್ನು ಅಳೆಯುವಾಗ ಗೋಡೆ ಒಡೆದ ಕಲ್ಲುಗಳ ತೂಕಕ್ಕಿಂತಲೂ ಬಾರದೆ ಹೋದ ನೆರವನ್ನು ಮೊದಲು ಲೆಕ್ಕಕ್ಕೆ ತೆಗೆದುಕೊಳ್ಳುವುದು ನ್ಯಾಯವೆಂದು ತೋರುತ್ತದೆ.