ಮಾಸ್ಟರ್ಸ್ ಅಥ್ಲೆಟಿಕ್ಸ್

ಮಾಸ್ಟರ್ಸ್ ಅಥ್ಲೆಟಿಕ್ಸ್ ಎಂಬುದು 35 ವರ್ಷ ತುಂಬಿದವರಿಗಾಗಿ ನಡೆಯುವ ಓಟ, ನಡಿಗೆ, ಜಿಗಿತ ಹಾಗೂ ಎಸೆತಗಳ ಸ್ಪರ್ಧೆ. ಇದರ ಮೊದಲ ವಿಶ್ವ ಚಾಂಪಿಯನ್‌ಷಿಪ್ 1975ರಲ್ಲಿ ಕೆನಡಾದ ಟೊರಾಂಟೊದಲ್ಲಿ ನಡೆಯಿತು. ಸ್ಪರ್ಧಿಗಳನ್ನು ಐದೈದು ವರ್ಷಗಳ ವಯೋವರ್ಗಗಳಾಗಿ ವಿಂಗಡಿಸಲಾಗುತ್ತದೆ. ವಯಸ್ಸಿಗೆ ತಕ್ಕಂತೆ ಸಲಕರಣೆಯೂ ಹಗುರವಾಗುತ್ತದೆ: ಪುರುಷರ ಗುಂಡಿನ ತೂಕ 7.26 ಕೆ.ಜಿ.ಯಿಂದ 50ನೇ ವಯಸ್ಸಿಗೆ 6, 60ಕ್ಕೆ 5, 70ಕ್ಕೆ 4, 80ಕ್ಕೆ 3 ಕೆ.ಜಿ.ಗೆ ಇಳಿಯುತ್ತದೆ. ಹುಟ್ಟುಹಬ್ಬದಿಂದ ಅನುಕೂಲವಾಗುವ ಕ್ರೀಡೆಗಳು ವಿರಳ.

ಯೌವನದ ಕ್ರೀಡಾಭ್ಯಾಸವೊಂದೇ ನಂತರದ ಆರೋಗ್ಯಕ್ಕೆ ಸಾಲದು. ಹಾರ್ವರ್ಡ್ ವಿಶ್ವವಿದ್ಯಾಲಯದ ಹಳೆಯ ವಿದ್ಯಾರ್ಥಿಗಳನ್ನು ಕುರಿತು ರಾಲ್ಫ್ ಪ್ಯಾಫನ್‌ಬರ್ಗರ್ ಮತ್ತು ಸಂಗಡಿಗರು 1978ರಲ್ಲಿ ಪ್ರಕಟಿಸಿದ ಅಧ್ಯಯನದ ಪ್ರಕಾರ, ಕಾಲೇಜಿನ ಕ್ರೀಡಾಪಟುಗಳ ಪೈಕಿ ಮುಂದೆಯೂ ದೈಹಿಕವಾಗಿ ಚಟುವಟಿಕೆಯಿಂದಿದ್ದವರಿಗೆ ಮಾತ್ರ ಹೃದಯಾಘಾತದ ಅಪಾಯ ಕಡಿಮೆಯಿತ್ತು.

ಚಿತ್ರದುರ್ಗ ಜಿಲ್ಲೆಯ ಹಿರಿಯೂರು, ಹೊಸದುರ್ಗ, ಹೊಳಲ್ಕೆರೆಯಂತಹ ಊರುಗಳಲ್ಲಿ ಬಹುಪಾಲು ಓಟಗಾರರ ಸ್ಪರ್ಧಾಜೀವನ ಶಾಲಾ-ಕಾಲೇಜು ಕ್ರೀಡಾಕೂಟಗಳೊಂದಿಗೇ ಮುಗಿಯುತ್ತದೆ. ನಡುವಯಸ್ಸಿನಲ್ಲಿ ಮರಳಿ ಬರಬಯಸುವವರಿಗೆ ಈ ವಯೋವರ್ಗಗಳು ದಾರಿ ತೆರೆಯುತ್ತವೆ. ಹಲವು ವರ್ಷ ಅಭ್ಯಾಸ ಬಿಟ್ಟವರು ಹೃದಯ ಹಾಗೂ ರಕ್ತದೊತ್ತಡದ ತಪಾಸಣೆ ಮಾಡಿಸಿಕೊಂಡು ಕೆಲವು ವಾರ ನಡಿಗೆಯಿಂದಲೇ ಆರಂಭಿಸುವುದು ಕ್ಷೇಮ. ಉಸಿರಿನ ಶಕ್ತಿ ಬೇಗ ಮರಳಿದರೂ ಹಿಮ್ಮಡಿಯ ಸ್ನಾಯುರಜ್ಜು ಓಟದ ಭಾರಕ್ಕೆ ನಿಧಾನವಾಗಿ ಹೊಂದಿಕೊಳ್ಳುತ್ತದೆ; ಹಳೆಯ ವೇಗವನ್ನು ನೆನೆದು ಓಡಿದವರು ಗಾಯಗೊಳ್ಳುವುದುಂಟು. ಚಿತ್ರದುರ್ಗ ನಗರದಲ್ಲಿ ಇಂತಹ ನಡಿಗೆಗೆ ಒನಕೆ ಓಬವ್ವ ಕ್ರೀಡಾಂಗಣವಲ್ಲದೆ ಚಂದ್ರವಳ್ಳಿ, ಜೋಗಿಮಟ್ಟಿಗಳ ದಾರಿಯೂ ಇದೆ.