ನೆಲದಡಿಯ ನಡಿಗೆ

ಮಣ್ಣು ಎಲ್ಲವನ್ನೂ ಸೋಸಿ ನೀರನ್ನು ತಿಳಿಯಾಗಿಸುತ್ತದೆ ಎಂಬುದು ನಮ್ಮಲ್ಲಿ ಬಹುಜನರ ನಂಬಿಕೆ. ಇದರಲ್ಲಿ ಅರ್ಧ ಸತ್ಯವುಂಟು. ಕೆಸರು ಮಣ್ಣಿನಲ್ಲಿ ನಿಲ್ಲುತ್ತದೆ. ನೀರಿನಲ್ಲಿ ಕರಗಿದ ಉಪ್ಪು ನಿಲ್ಲುವುದಿಲ್ಲ, ಕರಗಿದ ವಿಷವೂ ಬಹುಮಟ್ಟಿಗೆ ನಿಲ್ಲುವುದಿಲ್ಲ. ಅವು ನೀರಿನೊಡನೆ ನಡೆಯುತ್ತವೆ. ಆ ನಡಿಗೆಯನ್ನು ಮನುಷ್ಯ ಲೆಕ್ಕಕ್ಕೆ ತಂದುಕೊಂಡ ಬಗೆಯನ್ನು ಇಂದು ಹೇಳಬೇಕೆಂದಿದ್ದೇನೆ. ನಾನು ಕನ್ನಡ ಕಲಿಸಿದವನು, ಗಣಿತಜ್ಞನಲ್ಲ. ಆದರೂ ಕಣ್ಣಿಗೆ ಕಾಣದ್ದನ್ನು ಊಹಿಸಿ ತಿಳಿಯುವ ಈ ಸಾಹಸ ಸಾಹಿತ್ಯದವರಿಗೂ ಪರಕೀಯವಲ್ಲ.

1855ರಲ್ಲಿ ಜರ್ಮನಿಯ ಶರೀರಶಾಸ್ತ್ರಜ್ಞ ಅಡಾಲ್ಫ್ ಫಿಕ್ ಒಂದು ನಿಯಮವನ್ನು ಕಂಡುಕೊಂಡನು. ನಿಂತ ನೀರಿನಲ್ಲಿಯೂ ಉಪ್ಪು ಸಾಂದ್ರವಾದ ಕಡೆಯಿಂದ ವಿರಳವಾದ ಕಡೆಗೆ ಹರಡುತ್ತದೆ. ಅಂತರ ಹೆಚ್ಚಿದಷ್ಟೂ ಹರಡುವಿಕೆ ಹೆಚ್ಚು. ಮರುವರ್ಷವೇ ಫ್ರಾನ್ಸಿನ ದಿಜೋನ್ ನಗರಕ್ಕೆ ನೀರು ತಂದುಕೊಟ್ಟ ಎಂಜಿನಿಯರ್ ಹೆನ್ರಿ ಡಾರ್ಸಿ, ಮರಳು ತುಂಬಿದ ಕೊಳವೆಯಲ್ಲಿ ನೀರಿಳಿಸಿ ನಡೆಸಿದ ಪ್ರಯೋಗಗಳನ್ನು ಪ್ರಕಟಿಸಿದನು. ಒಬ್ಬನದು ಹರಡುವಿಕೆಯ ನಿಯಮ, ಇನ್ನೊಬ್ಬನದು ಹರಿವಿನ ನಿಯಮ. ಕರಗಿದ ವಸ್ತುವಿನ ಗತಿಯನ್ನು ಅರಿಯಲು ಎರಡೂ ಬೇಕು.

ಆದರೆ ಎರಡೇ ಸಾಲವು. ಅಮೆರಿಕದ ಗಣಿತ ಪ್ರಾಧ್ಯಾಪಕ ಚಾರ್ಲ್ಸ್ ಸ್ಲಿಕ್ಟರ್ ಒಂದು ಬಾವಿಗೆ ನವಸಾಗರವನ್ನು ಹಾಕಿ, ಅದು ಕೆಳಗಿನ ಬಾವಿಗೆ ಬರುವುದನ್ನು ವಿದ್ಯುತ್ತಿನಿಂದ ಅಳೆದು, 1905ರಲ್ಲಿ ಫಲಿತಾಂಶಗಳನ್ನು ಪ್ರಕಟಿಸಿದನು. ಉಪ್ಪು ಒಮ್ಮೆಗೇ ಬರಲಿಲ್ಲ. ಮೆಲ್ಲನೆ ಏರಿ ಮೆಲ್ಲನೆ ಇಳಿಯಿತು. ತೇರು ಮುಗಿಸಿ ಒಟ್ಟಿಗೆ ಹೊರಟ ಜನ ಒಟ್ಟಿಗೆ ಊರು ಸೇರುವುದುಂಟೆ? ಹೆದ್ದಾರಿ ಹಿಡಿದವರು ಮೊದಲು, ಓಣಿಗಳಲ್ಲಿ ಸುತ್ತಿದವರು ಆಮೇಲೆ. ಮರಳಿನ ಕಣಗಳ ನಡುವೆ ನೀರಿನ ಕಥೆಯೂ ಅದೇ. ಕಿರಿದಾದ ಕೊಳವೆಯಲ್ಲಿ ಇಂಥ ಚದುರುವಿಕೆಯ ಗಣಿತವನ್ನು 1953ರಲ್ಲಿ ಬಿಡಿಸಿದವನು ಇಂಗ್ಲೆಂಡಿನ ಜಿ. ಐ. ಟೇಲರ್.

ಲೆಕ್ಕವನ್ನು ನೆಲದಲ್ಲಿಯೇ ಒರೆಗೆ ಹಚ್ಚಿದ ಒಂದು ದೊಡ್ಡ ಪ್ರಯೋಗ 1982ರಲ್ಲಿ ಕೆನಡಾದ ಬೋರ್ಡನ್ ಎಂಬಲ್ಲಿ ಆರಂಭವಾಯಿತು. ಲವಣಗಳನ್ನೂ ಕೆಲವು ರಾಸಾಯನಿಕ ದ್ರಾವಕಗಳನ್ನೂ ಬೆರೆಸಿದ ಸುಮಾರು 12 ಘನ ಮೀಟರ್ ನೀರನ್ನು ಮರಳುನೆಲಕ್ಕೆ ಇಳಿಸಿ, ಸುಮಾರು ಮೂರು ವರ್ಷ ಹಿಂಬಾಲಿಸಿದರು. ಲವಣಗಳು ನೀರಿನೊಡನೆ ದಿನಕ್ಕೆ ಸುಮಾರು 9 ಸೆಂಟಿಮೀಟರ್ ನಡೆದವು. ಡ್ರೈಕ್ಲೀನಿಂಗಿನಲ್ಲಿ ಬಳಸುವಂಥ ದ್ರಾವಕಗಳು ಮರಳಿಗೆ ಅಂಟಿಕೊಳ್ಳುತ್ತ, ಬಿಡಿಸಿಕೊಳ್ಳುತ್ತ ಹಿಂದೆ ಉಳಿದವು. ಹಿಂದೆ ಉಳಿದವೇ ಹೊರತು ಪಯಣವನ್ನು ನಿಲ್ಲಿಸಲಿಲ್ಲ.

ನಮ್ಮ ಕೋಲಾರದ ನೆಲ ಮರಳಲ್ಲ, ಬಂಡೆ. ನೀರು ಅಲ್ಲಿ ಬಿರುಕುಗಳಲ್ಲಿ ಹರಿಯುತ್ತದೆ. ಬಂಡೆಯ ಖನಿಜಗಳಿಂದಲೇ ಫ್ಲೋರೈಡನ್ನು ಕರಗಿಸಿಕೊಳ್ಳುತ್ತದೆ. ಬಿರುಕಿನಲ್ಲಿ ಬಂದ ಮಲಿನ ವಸ್ತು, ಫಿಕ್ ಹೇಳಿದಂತೆಯೇ, ಬಂಡೆಯ ಸೂಕ್ಷ್ಮರಂಧ್ರಗಳಿಗೂ ಹೊಗುತ್ತದೆ. ಬಿರುಕಿನ ನೀರು ಶುದ್ಧವಾದ ಮೇಲೆ ಮತ್ತೆ ಹೊರಗೆ ಒಸರುತ್ತದೆ. 2018ರಿಂದ ಬೆಂಗಳೂರಿನ ಕೊಳಚೆನೀರನ್ನು ಸಂಸ್ಕರಿಸಿ, ಅಂತರ್ಜಲ ಹೆಚ್ಚಲೆಂದು ಆ ಸೀಮೆಯ ಕೆರೆಗಳಿಗೆ ಹರಿಸಲಾಗಿದೆ. ಬರದ ಸೀಮೆಗೆ ನೀರು ಬಂದದ್ದು ಸಣ್ಣ ಮಾತಲ್ಲ. ಆದರೆ ಕೆರೆ ತುಂಬಿತೆಂದು ತೃಪ್ತರಾದರೆ ಸಾಲದು. ಆ ನೀರಿನೊಡನೆ ಕರಗಿ ಇಳಿಯುವುದೇನು ಎಂಬುದನ್ನೂ ವರ್ಷವರ್ಷ ಅಳೆಯುತ್ತಿರಬೇಕು.

ನೆಲದಡಿಯ ನೀರು ನಿಧಾನಿ. ಇಂದು ಇಳಿದದ್ದು ಮೊಮ್ಮಕ್ಕಳ ಕಾಲಕ್ಕೆ ಬಾವಿಯಲ್ಲಿ ಕಾಣಿಸಿಕೊಂಡೀತು. ಆ ತಡವನ್ನು ನಾವು ಕ್ಷಮೆಯೆಂದು ಭಾವಿಸಬಾರದು. ಅದು ನಮಗೆ ದೊರೆತ ಗಡುವು, ಅಷ್ಟೆ.