‘ಏಷ್ಯಾ’ ಎಂಬ ಕ್ಷುದ್ರಗ್ರಹ: ಒಂದು ನಾಮಕರಣದ ವಿಚಾರ

ಮಂಗಳ ಮತ್ತು ಗುರುಗ್ರಹಗಳ ಕಕ್ಷೆಗಳ ನಡುವೆ ಸೂರ್ಯನನ್ನು ಸುತ್ತುತ್ತಿರುವ ಕ್ಷುದ್ರಗ್ರಹಗಳಲ್ಲಿ 67ನೆಯದಕ್ಕೆ ‘ಏಷ್ಯಾ’ ಎಂದು ಹೆಸರು. ಸುಮಾರು 60 ಕಿಲೋಮೀಟರ್ ವ್ಯಾಸದ ಈ ಕಾಯವು ಮೂರೂಮುಕ್ಕಾಲು ವರ್ಷಗಳಲ್ಲಿ ಒಂದು ಪ್ರದಕ್ಷಿಣೆಯನ್ನು ಮುಗಿಸುತ್ತದೆ. ಮದರಾಸು, ಅಂದರೆ ಇಂದಿನ ಚೆನ್ನೈನ ವೇಧಶಾಲೆಯಿಂದ 1861ನೆಯ ಏಪ್ರಿಲ್ 17ರಂದು ಇದನ್ನು ಕಂಡುಹಿಡಿದವನು ನಾರ್ಮನ್ ರಾಬರ್ಟ್ ಪಾಗ್ಸನ್. ಏಷ್ಯಾಖಂಡದ ನೆಲದಿಂದ ಶೋಧಿಸಲ್ಪಟ್ಟ ಮೊದಲ ಕ್ಷುದ್ರಗ್ರಹವಾದುದರಿಂದ ಆ ಹೆಸರು ಬಂದಿತು. ಖಗೋಳಗ್ರಂಥಗಳು ಇಷ್ಟಕ್ಕೆ ತೃಪ್ತವಾಗುತ್ತವೆ. ಆದರೆ ಹೆಸರುಗಳೂ ಶಾಸನಗಳಂತೆ ಇತಿಹಾಸದ ಆಕರಗಳು. ಯಾರು, ಯಾವ ಸಂಪ್ರದಾಯಕ್ಕೆ ಒಳಪಟ್ಟು ಇಟ್ಟರೆಂಬುದನ್ನು ವಿಚಾರಿಸದೆ ಅವುಗಳನ್ನು ಓದಲಾಗದು.

1801ರಲ್ಲಿ ಪಿಯಾಜಿಯು ಸಿಸಿಲಿಯ ಪಲೆರ್ಮೋದಲ್ಲಿ ಮೊದಲ ಕ್ಷುದ್ರಗ್ರಹವನ್ನು ಕಂಡಾಗ, ಧಾನ್ಯದೇವತೆ ಸೆರೆಸ್‌ಳ ಹೆಸರಿನೊಡನೆ ತನ್ನ ದೊರೆ ಫರ್ಡಿನೆಂಡನ ಹೆಸರನ್ನೂ ಜೋಡಿಸಿದ್ದನು. ವಿದ್ವತ್ಪ್ರಪಂಚವು ದೇವತೆಯನ್ನು ಉಳಿಸಿಕೊಂಡು ದೊರೆಯನ್ನು ಬಿಟ್ಟಿತು. ಪುರಾಣಸ್ತ್ರೀಯರ ಹೆಸರನ್ನೇ ಇಡುವ ವಾಡಿಕೆ ಹೀಗೆ ಬಲಿಯಿತು. 1850ರಲ್ಲಿ ಲಂಡನ್ನಿನ ಹೈಂಡ್ ತನ್ನ ಶೋಧಕ್ಕೆ ‘ವಿಕ್ಟೋರಿಯಾ’ ಎಂದು ಹೆಸರಿಟ್ಟಾಗ ಅಮೆರಿಕದಲ್ಲಿ ಆಕ್ಷೇಪಣೆ ಎದ್ದಿತು. ಅದು ರೋಮನರ ವಿಜಯದೇವತೆಯ ಹೆಸರೆಂಬ ಸಮರ್ಥನೆಯೇನೋ ಇದ್ದಿತು. ಸಿಂಹಾಸನದ ಮೇಲಿದ್ದ ರಾಣಿಯ ಹೆಸರೂ ಅದೇ ಆಗಿದ್ದುದು ಯಾರ ಕಣ್ಣಿಗೂ ಮರೆಯಾಗಿರಲಿಲ್ಲ. ಕೆಲವರು ಬಹುಕಾಲ ಅದನ್ನು ‘ಕ್ಲಯೋ’ ಎಂದೇ ಕರೆದರು.

‘ಏಷ್ಯಾ’ ಎಂಬುದೂ ಇಂತಹ ಇಮ್ಮುಖದ ಹೆಸರು. ಗ್ರೀಕರ ಪುರಾಣದಲ್ಲಿ ಏಷ್ಯಾ ಎಂಬವಳು ಓಷಿಯಾನಸನ ಮಗಳು. ಖಂಡವು ಆಕಾಶವನ್ನು ಸೇರಿದುದು ಈಕೆಯ ಸೆರಗನ್ನು ಹಿಡಿದೇ. (1858ರಲ್ಲಿ ಕಾಣಿಸಿದ 52ನೆಯ ಕ್ಷುದ್ರಗ್ರಹ ‘ಯುರೋಪಾ’. ಪುರಾಣದ ಯುರೋಪಾ ಏಷ್ಯಾದ ಕರಾವಳಿಯಿಂದ ಅಪಹೃತಳಾದ ಫಿನೀಷಿಯದ ರಾಜಕುಮಾರಿ ಎಂಬುದು ಸ್ವಾರಸ್ಯದ ಸಂಗತಿ.) ತನ್ನ ಜನರು ತನಗೆಂದು ಎಂದೂ ಬಳಸದಿದ್ದ ಹೆಸರಿನಿಂದಲೇ ಈ ಖಂಡಕ್ಕೆ ಮಾನ್ಯತೆ ದೊರೆಯಿತು.

ಪಾಗ್ಸನ್ನನ ಸಾಮರ್ಥ್ಯವನ್ನು ಇದರಿಂದ ಕಡಿಮೆಯೆಣಿಸಲಾಗದು. ನಕ್ಷತ್ರಗಳ ಕಾಂತಿಮಾನಗಳ ನಡುವಣ ಪ್ರಮಾಣವನ್ನು 1856ರಲ್ಲಿ ಖಚಿತಗೊಳಿಸಲು ಸೂಚಿಸಿದವನು ಅವನೇ. ಛಾಯಾಚಿತ್ರದ ನೆರವು ಒದಗಿದುದು 1891ರ ಅನಂತರ. ಅದುವರೆಗೆ ಆಕಾಶದ ಒಂದೊಂದು ತುಣುಕನ್ನೂ ನಕ್ಷೆಯೊಡನೆ ಹೋಲಿಸಿ, ನಕ್ಷತ್ರಗಳ ನಡುವೆ ಸ್ಥಳ ಬದಲಿಸಿದ ಚುಕ್ಕೆಯನ್ನು ಬರಿಗಣ್ಣಿನ ತಾಳ್ಮೆಯಿಂದ ದೂರದರ್ಶಕದಲ್ಲಿ ಅರಸಬೇಕಾಗಿದ್ದಿತು. ಮದರಾಸಿಗೆ ಬಂದ ವರ್ಷದಲ್ಲಿಯೇ ಅವನಿಗೆ ‘ಏಷ್ಯಾ’ ದೊರೆಯಿತು. 1885ರೊಳಗೆ ಅಲ್ಲಿಯೇ ಸ್ಯಾಫೋ, ಸಿಲ್ವಿಯಾ, ಕ್ಯಾಮಿಲ್ಲಾ, ವೆರಾ ಎಂಬ ಇನ್ನು ನಾಲ್ಕು ದೊರೆತವು.

ಆದರೆ ಆ ವೇಧಶಾಲೆಯ ಮಟ್ಟಿಗೆ ‘ಏಷ್ಯಾ’ ಹೊಸ ಪದವಲ್ಲ. ಈಸ್ಟ್ ಇಂಡಿಯಾ ಕಂಪನಿಯು 1792ರಲ್ಲಿ ನುಂಗಂಬಾಕ್ಕಂನಲ್ಲಿ ಕಟ್ಟಡವನ್ನು ಎಬ್ಬಿಸಿದಾಗ, ಉಪಕರಣವನ್ನು ಹೊರಲು ನಿಲ್ಲಿಸಿದ ಕಲ್ಲುಕಂಬದ ಮೇಲೆ ಲ್ಯಾಟಿನ್ ಜೊತೆಗೆ ತಮಿಳು, ತೆಲುಗುಗಳಲ್ಲಿಯೂ ಬರಹವನ್ನು ಕೆತ್ತಿಸಿತು. ಬ್ರಿಟಿಷರ ಔದಾರ್ಯದಿಂದ ಗಣಿತಶಾಸ್ತ್ರಗಳು ಏಷ್ಯಾದಲ್ಲಿ ಮೊದಲು ನೆಲೆಗೊಂಡ ಕಾಲವನ್ನು ಸಾವಿರ ವರ್ಷಗಳ ಮೇಲೆಯೂ ಜನ ಅರಿಯಲೆಂಬುದು ಉದ್ದೇಶ. ಆರ್ಯಭಟ, ಭಾಸ್ಕರರ ನಾಡಿನಲ್ಲಿ ನಿಂತು ಹೀಗೆ ಹೇಳಲು ಧೈರ್ಯ ಬೇಕು. ಈ ಕಂಬದ ಹಿನ್ನೆಲೆಯಲ್ಲಿ ನೋಡಿದಾಗ, 1861ರ ಹೆಸರು ಏಷ್ಯಾದವರ ಗೌರವಕ್ಕಿಂತ ಏಷ್ಯಾದಲ್ಲಿ ನೆಲಸಿದ ಯುರೋಪಿಯನ್ ವೀಕ್ಷಕನ ಸ್ಥಾನವನ್ನೇ ಸೂಚಿಸುತ್ತದೆಂದು ನಮಗೆ ತೋರುತ್ತದೆ.

ಏಷ್ಯಾದವರು ಅಲ್ಲಿ ಇರಲಿಲ್ಲವೆಂದಲ್ಲ. ಪಾಗ್ಸನ್ ಬರುವ ಮೊದಲಿನಿಂದಲೂ ಅಲ್ಲಿ ಸಹಾಯಕರಾಗಿದ್ದ ಚಿಂತಾಮಣಿ ರಘುನಾಥಾಚಾರಿಯವರು 1867ರಲ್ಲಿ ‘ಆರ್ ರೆಟಿಕ್ಯುಲೈ’ ಎಂಬ ಚರಕಾಂತಿಯ ನಕ್ಷತ್ರವನ್ನು ಗುರುತಿಸಿದರು. ದೃಗ್ಗಣಿತದ ಪಂಚಾಂಗವನ್ನೂ ಅವರು ಪ್ರಕಟಿಸಿದರು. 1874ರ ಶುಕ್ರಸಂಕ್ರಮಣವನ್ನು ಜನಸಾಮಾನ್ಯರಿಗೆ ತಿಳಿಸಲು ಅವರು ಬರೆದ ಕಿರುಹೊತ್ತಗೆ ಇಂಗ್ಲಿಷಿನಲ್ಲಷ್ಟೇ ಅಲ್ಲದೆ ಕನ್ನಡವೂ ಸೇರಿದಂತೆ ದೇಶಭಾಷೆಗಳಲ್ಲಿ ಹೊರಬಂದಿತು.